ಮೇಲ್ಮಣ್ಣು

ಬಡಗಿ ಶವಪೆಟ್ಟಿಗೆಯ ಆರನೆಯ ಹಿಡಿಕೆಗೆ ಸ್ಕ್ರೂ ಬಿಗಿದು, ಎರಡು ಸಲ ಎಳೆದು ನೋಡಿದ.

"ಗಟ್ಟಿಯಾಗಿದೆ. ಆರು ಜನ ಹಿಡಿದ್ರೆ ಸಾಕು," ಎಂದ. "ಆ ಆರರಲ್ಲಿ ನನ್ನ ಸೇರಿಸ್ಕೋಬೇಡಮ್ಮ."

ಸತ್ತವನ ಮಗಳು ಮನೆಬಾಗಿಲಿಗೆ ಒರಗಿ ನಿಂತಿದ್ದಳು. ಬೆಳಗಿನಿಂದ ಬೀದಿಯ ಎಲ್ಲ ಬಾಗಿಲು ತಟ್ಟಿ ಬಂದಿದ್ದಳು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಡ್ಯೂಟಿ. ಮೂಲೆಮನೆಯವರಂತೂ ಒಳಗೆ ರೇಡಿಯೊ ಕೂಗುತ್ತಿದ್ದರೂ ಬಾಗಿಲು ತೆರೆಯಲಿಲ್ಲ. ಹೆಗಲು ಕೊಡಲು ಸಿಕ್ಕವರು ಅವಳ ಗಂಡ, ಸೋದರಮಾವ, ಇಷ್ಟೇ.

"ಮಾಮ, ನೀವೂ ಅಪ್ಪನೂ ಒಂದೇ ತಟ್ಟೇಲಿ ಉಂಡವ್ರು," ಎಂದಳು ಬಡಗಿಗೆ.

"ಉಂಡಿದ್ವಿ. ಆಮೇಲೆ ನಿಮ್ಮಪ್ಪ ನನ್ನ ಅನ್ನಕ್ಕೇ ಕಲ್ಲು ಹಾಕಿದ. ಪೆಟ್ಟಿಗೆ ಮಾಡಿಕೊಟ್ಟಿದ್ದೀನಲ್ಲ, ಅಲ್ಲಿಗೆ ಋಣ ತೀರಿತು."

"ಬಿಡೇ, ಗೋಗರೀಬೇಡ," ಎಂದಳು ಒಳಗಿನಿಂದ ತಾಯಿ. "ಒಂದು ಟೆಂಪೋ ತರಿಸು."

"ಅಪ್ಪನ್ನ ಸಾಮಾನಿನ ಥರ ಸಾಗಿಸ್ಲಾ? ಈ ಬೀದಿಯವರೇ ಎತ್ತಬೇಕು."

ಬೀದಿಯವರು ಒಮ್ಮೆ ಎತ್ತಿದರೆ ಅಪ್ಪನನ್ನು ಕ್ಷಮಿಸಿದಂತೆ ಎಂದು ಅವಳು ನಂಬಿದ್ದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

*

ಸತ್ತವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹೊಳೆ ಪಕ್ಕದ ಹೊಲಗಳಡಿ ಮರಳು, ಜಲ್ಲಿ ಇದೆಯೆಂದು ಕಂಪನಿ ಬಂದಾಗ, ಗುತ್ತಿಗೆಗೆ ಕೊಡಲು ಬೀದಿಯವರು ಹಿಂದೆಮುಂದೆ ನೋಡಿದರು. ಆಗ ಕಂಪನಿಯ ಕೆಲಸಕ್ಕೆ ಸೇರಿದ್ದ ಅವನೇ ಬಡಗಿಯ ಅಂಗಡಿಗೆ ಎಲ್ಲರನ್ನೂ ಕರೆದು, ಹಲಗೆಯ ಮೇಲೆ ನಕ್ಷೆ ಹರಡಿದ.

"ಮೊದಲು ಮೇಲ್ಮಣ್ಣು ಕೆರೆದು ಬೇರೆ ಗುಡ್ಡೆ ಹಾಕ್ತೀವಿ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಮರಳು ತೆಗೆದಾದ್ಮೇಲೆ ಗುಂಡಿ ಮುಚ್ಚಿ, ಅದೇ ಮಣ್ಣನ್ನ ಮೇಲೆ ಹಾಸ್ತೀವಿ. ನಿಮ್ಮ ಹೊಲ ನಿಮಗೇ."

"ಕಂಪನಿ ಕೈ ಎತ್ತಿದ್ರೆ?" ಎಂದು ಬಡಗಿ ಕೇಳಿದ.

"ಕಂಪನಿ ಹಾಳಾಗಿ ಹೋಗ್ಲಿ. ನಾನಿಲ್ವಾ?"

ಸುಳ್ಳು ಹೇಳಿದ್ದರೆ ಬೈದು ಮರೆಯಬಹುದಿತ್ತು. ಅವನು ಆ ನಕ್ಷೆಯನ್ನು ನಿಜವಾಗಿಯೂ ನಂಬಿಬಿಟ್ಟಿದ್ದ. ಗುಡ್ಡೆಯ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಮೇಲೆ ಹುಲ್ಲು ಬೆಳೆಸಿದ. ರಜೆಯ ದಿನವೂ ಹೋಗಿ ಮೇಕೆಗಳನ್ನು ಓಡಿಸಿದ. "ಆ ಗುಡ್ಡೇನೇ ಕಟ್ಕೋಬೇಕಿತ್ತು ನೀವು," ಎಂದು ಹೆಂಡತಿ ರೇಗಿಸುತ್ತಿದ್ದಳು.

ಆಮೇಲೆ ಪೇಟೆಯ ಹೊಸ ಬಂಗಲೆಗಳ ತೋಟಕ್ಕೆ ಒಳ್ಳೆಯ ಮಣ್ಣು ಬೇಕಾಯಿತು. ಮ್ಯಾನೇಜರ್ ಗುಡ್ಡೆಯನ್ನು ಮಾರಿದ. ಅದನ್ನು ಲಾರಿಗಳಿಗೆ ತುಂಬಿದ್ದು ಮೇಸ್ತ್ರಿಯೇ. ಮಣ್ಣೆತ್ತುವ ಯಂತ್ರದ ಮೇಲೆ ಕೂತವನನ್ನು ಇಡೀ ಬೀದಿ ನೋಡಿತು.

"ನೀವೇ ತುಂಬಿದ್ರಾ?" ಸಂಜೆ ಹೆಂಡತಿ ಕೇಳಿದಳು.

"ನಾನು ಆಗಲ್ಲ ಅಂದಿದ್ರೆ ಇನ್ನೊಬ್ಬ ತುಂಬ್ತಿದ್ದ. ನನ್ನ ಕೆಲಸ ಹೋಗ್ತಿತ್ತು, ಅಷ್ಟೆ."

"ಹೋಗ್ಲಿ ಅನ್ನಬೇಕಿತ್ತು."

ಮುಂದಿನ ಮಳೆಗಾಲದಲ್ಲಿ ಗುಂಡಿಗೆ ಹೊಳೆ ನುಗ್ಗಿತು. ಹೊಲ ಹೋಗಿ ಹೊಂಡ ಉಳಿಯಿತು. ಬೀದಿ ಅವನೊಂದಿಗೆ ಮಾತು ಬಿಟ್ಟಿತು.

*

ಮಧ್ಯಾಹ್ನ ಕಂಪನಿಯ ಕಾರು ಬಂದು ಮನೆ ಮುಂದೆ ನಿಂತಿತು. ಮ್ಯಾನೇಜರ್ ಹೂಗುಚ್ಛ ಹಿಡಿದು ಇಳಿದ. ಮಣ್ಣು ಮಾರಿದ ಮೇಲೆ ಆತ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿಗೆ ಹೋದವರಿಗೆಲ್ಲ ಸಾಹೇಬರಿಲ್ಲ ಎಂಬ ಉತ್ತರ ಗೇಟಿನಲ್ಲೇ ಸಿಗುತ್ತಿತ್ತು.

ಬೀದಿಯ ಬಾಗಿಲುಗಳು ತೆರೆದವು. ಸೊಂಟ ನೋವಿನವರು, ಡ್ಯೂಟಿಯವರು, ರೇಡಿಯೊದವರು, ಎಲ್ಲರೂ ಬಂದರು. ಮಗಳು ಒಳಗಿದ್ದ ತಾಯಿಗೆ ಕೂಗಿ ಹೇಳಿದಳು.

"ಬಂದ್ರಮ್ಮ. ಎಲ್ರೂ ಬಂದ್ರು."

ತಾಯಿ ಕಿಟಕಿಯಿಂದ ನೋಡಿದಳು.

"ನಮ್ಮ ಹೊಲ ಯಾವಾಗ ಕೊಡ್ತೀರಿ ಸಾರ್?" ಬಡಗಿ ಮ್ಯಾನೇಜರನಿಗೆ ಅಡ್ಡ ನಿಂತು ಕೇಳಿದ.

"ಸಾವಿನ ಮನೇಲಿ ಮಾತಾಡೋ ವಿಷಯನಾ ಇದು?" ಮ್ಯಾನೇಜರ್ ದನಿ ತಗ್ಗಿಸಿದ. "ನೋಡಿ, ಮಣ್ಣಿನ ಜವಾಬ್ದಾರಿ ಪೂರ್ತಿ ಮೇಸ್ತ್ರೀದು. ನಿಮಗೆ ಮಾತು ಕೊಟ್ಟಿದ್ದೂ ಅವರೇ, ಲಾರಿಗೆ ತುಂಬಿದ್ದೂ ಅವರೇ. ಪಾಪ, ಈಗ ಅವರನ್ನ ಕೇಳೋಕಾಗುತ್ತಾ?"

"ಮಾರಿದ್ದು ನೀವು," ಎಂದಳು ಮಗಳು. ಮ್ಯಾನೇಜರ್ ಹೂವನ್ನು ಅವಳ ಕೈಗೆ ತುರುಕಿ, ಹೋಗಿ ಕಾರಿನಲ್ಲಿ ಕೂತ.

ಬಡಗಿ ಒಳಗೆ ಬಂದ. ಅವನ ಹಿಂದೆ ಇನ್ನೂ ಐದು ಜನ.

"ಹಿಡೀರಿ," ಎಂದ.

ಪೆಟ್ಟಿಗೆ ಎದ್ದಿತು. ಮಗಳು ಅಳುತ್ತಲೇ ಗಂಡನನ್ನೂ ಸೋದರಮಾವನನ್ನೂ ಪಕ್ಕಕ್ಕೆ ಸರಿಸಿ ಅವರಿಗೆ ದಾರಿ ಬಿಡಿಸಿದಳು. ಬೆಳಗಿನಿಂದ ಮುಖ ತಿರುಗಿಸಿದ್ದವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದಳು.

ಅವರು ಸ್ಮಶಾನದ ಕಡೆ ತಿರುಗಲಿಲ್ಲ. ಪೆಟ್ಟಿಗೆಯನ್ನು ಕಾರಿನ ಮುಂದೆ, ರಸ್ತೆಗೆ ಅಡ್ಡಲಾಗಿ ಇಳಿಸಿದರು. ಉಳಿದವರು ಕಾರಿನ ಹಿಂದೆ ಒತ್ತಾಗಿ ನಿಂತರು.

"ಮಾಮ, ಏನ್ಮಾಡ್ತಿದ್ದೀರಿ?"

"ಹೊಂಡ ಮುಚ್ಚಿಸ್ತೀನಿ ಅಂತ ಬರೆದುಕೊಡೋವರೆಗೂ ಸಾಹೇಬ್ರು ಇಲ್ಲಿಂದ ಕದಲೋ ಹಾಗಿಲ್ಲ," ಎಂದ ಬಡಗಿ. "ನಿಮ್ಮಪ್ಪ ಬದುಕಿದ್ದಾಗಂತೂ ನಮ್ಮ ಪರ ನಿಲ್ಲಲಿಲ್ಲ. ಈಗ ಮಲಗ್ಲಿ."

ಮಗಳು ಹಿಡಿಕೆಯೊಂದನ್ನು ಹಿಡಿದು ಎಳೆದಳು. ಪೆಟ್ಟಿಗೆ ಅಲ್ಲಾಡಲಿಲ್ಲ. "ಅಪ್ಪ ಏನು ಕಲ್ಲುಬಂಡೆನಾ? ಎತ್ರಿ. ದಮ್ಮಯ್ಯ, ಎತ್ರಿ." ಯಾರೂ ಅವಳತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಕಾರಿನ ಗಾಜಿನ ಮೇಲಿತ್ತು. ಡ್ರೈವರ್ ಹಾರ್ನ್ ಹೊಡೆದ.

ತಾಯಿ ಹೊರಗೆ ಬಂದಳು. ಕೈಯಲ್ಲಿ ಅಡುಗೆಮನೆಯ ಸ್ಟೂಲ್ ಇತ್ತು.

"ಅಮ್ಮ, ನೀನಾದ್ರೂ ಹೇಳಮ್ಮ ಇವರಿಗೆ."

ತಾಯಿ ಮಗಳ ಬೆರಳುಗಳನ್ನು ಹಿಡಿಕೆಯಿಂದ ಒಂದೊಂದಾಗಿ ಬಿಡಿಸಿದಳು. ಸ್ಟೂಲನ್ನು ಪೆಟ್ಟಿಗೆಯ ಪಕ್ಕ ಇಟ್ಟು, ಕಾರಿಗೆ ಮುಖ ಮಾಡಿ ಕೂತಳು.

ಡ್ರೈವರ್ ಮತ್ತೆ ಹಾರ್ನ್ ಹೊಡೆದ. ಅವಳು ಎದ್ದು, ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಮತ್ತೆ ಕೂತಳು.