ಅಕ್ಕನ ಅಳತೆ

ಹತ್ತು ತಿಂಗಳಿಂದ ಅಕ್ಕನ ಎದುರು ಕೂತು ಮಾತಾಡುವ ಧೈರ್ಯ ನನಗಿರಲಿಲ್ಲ. ಅವಳು ಫೋನ್ ಮಾಡಿ "ಎಲ್ಲಿ ತಪ್ತಿದೀನಿ ಹೇಳೋ" ಎಂದಾಗೆಲ್ಲ "ನೋಡೋಣ ಬಿಡು" ಎಂದು ಜಾರಿಕೊಳ್ಳುತ್ತಿದ್ದೆ.

ಅಕ್ಕ ಗುಡ್ಡದ ಮೇಲಿನ ಗಾಳಿ ಅಳೆಯುವ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ತಂತ್ರಜ್ಞೆ. ಬೆಳಿಗ್ಗೆ ಎಂಟಕ್ಕೆ ಗಾಳಿ ಎಳೆಯುವ ಕೊಳವೆ ಒರೆಸಿ, ಬಿಳಿ ಶೋಧಕ ಕಾಗದ ಬದಲಿಸಿ, ಗಾಳಿಯಲ್ಲಿ ಎಷ್ಟು ಕಣಗಳಿವೆ ಎಂದು ಬರೆದು ಕಳಿಸುತ್ತಾಳೆ. ಅದನ್ನು ಕಂಪ್ಯೂಟರಿನ ಹವಾಮಾನ ಮಾದರಿಗೆ ಉಣಿಸುವವನು ನಾನು. ಹೊಗೆ, ದೂಳಿನ ಕಣ ಹೆಚ್ಚಿದ್ದರೆ ಮೋಡದ ಹನಿಗಳು ಸಣ್ಣವಾಗಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಮೋಡ ಇನ್ನಷ್ಟು ಬೆಳ್ಳಗಾಗಿ ಬಿಸಿಲನ್ನು ಬಂದ ದಾರಿಗೇ ಅಟ್ಟುತ್ತದೆ, ಭೂಮಿ ಅಷ್ಟು ತಂಪಾಗಿರುತ್ತದೆ.

ನನ್ನ ಮಾದರಿ ಲೆಕ್ಕಕ್ಕೆ ಕೂರಲು ಕಣಗಳು ಇಂತಿಷ್ಟು ಇರಬೇಕಿತ್ತು. ಅಕ್ಕ ಕಳಿಸಿದ್ದು ಅದರರ್ಧ. ಅದನ್ನು ಹಾಕಿದರೆ ನನ್ನ ಮಾದರಿಯ ಭೂಮಿ ಅಸಲಿಗಿಂತ ಜಾಸ್ತಿ ಕಾಯುತ್ತಿತ್ತು, ನೂರು ವರ್ಷದಿಂದ ಅಳೆದಿಟ್ಟ ಉಷ್ಣತೆಯ ಗೆರೆಗೆ ಕೂರುತ್ತಲೇ ಇರಲಿಲ್ಲ. ಅವಳ ಅಂಕಿಗಳ ಮುಂದೆ 'ಉಪಕರಣ ದೋಷ' ಎಂದು ಗುರುತು ಹಾಕಿ ಪಕ್ಕಕ್ಕಿಟ್ಟೆ. ಗೆರೆ ಕೂತಿತು, ನನ್ನ ಸಂಶೋಧನಾ ಲೇಖನ ಅಚ್ಚಾಯಿತು, ಎಲ್ಲರೂ ಬೆನ್ನು ತಟ್ಟಿದರು. ಮಾನಗೆಟ್ಟವನು, ಹಲ್ಲು ಕಿರಿದೆ.

ಆ ಗುರುತಿಗೆ ಸಹಿ ಇರುವುದಿಲ್ಲ, ಹಾಕಿದವನು ಯಾರೆಂದು ಗೊತ್ತಾಗುವುದಿಲ್ಲ. ಅದು ಅಕ್ಕನಿಗೂ ಹೋಯಿತು, ಕೇಂದ್ರ ನಡೆಸುವ ಸಮಿತಿಗೂ ಹೋಯಿತು. ಮೊನ್ನೆ ಅದೇ ಕಾರಣಕ್ಕೆ ಕೇಂದ್ರ ಮುಚ್ಚುವ ನೋಟೀಸು ಬಂತು. ಆಗ ಗುಡ್ಡ ಹತ್ತಿದೆ.

ಅಕ್ಕ ಹೊಸ ಕನ್ನಡಕ ಹಾಕಿದ್ದಳು.

"ಕಣ್ಣಿಂದೇ ತೊಂದ್ರೆ ಇರ್ಬೇಕು ಅಂತ ಮಾಡಿಸ್ಕೊಂಡೆ. ಕೊಳವೆನ ದಿನಕ್ಕೆ ಮೂರು ಸಲ ಒರೆಸ್ತೀನಿ. ಆದ್ರೂ ಅಂಕಿ ಅಷ್ಟೇ ಬರುತ್ತೆ ಕಣೋ." ಡ್ರಾಯರಿನಿಂದ ಒಂದು ಕಾಗದ ತೆಗೆದಳು. "ತಪ್ಪು ನಂದು, ನನ್ನನ್ನ ತೆಗೀರಿ, ಕೇಂದ್ರ ಮುಚ್ಬೇಡಿ ಅಂತ ಬರ್ದಿದೀನಿ. ಒಂದ್ಸಲ ಓದು, ಸಹಿ ಹಾಕ್ತೀನಿ."

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಹತ್ತು ತಿಂಗಳು ನನ್ನ ಕೈನೇ ನಾನು ನಂಬ್ಲಿಲ್ಲ," ಎಂದಳು.

ಅವಳ ಪತ್ರ ಮಗುಚಿ, ಹಿಂಬದಿಯಲ್ಲೇ ಸಮಿತಿಗೆ ಬರೆದೆ: ಉಪಕರಣ ಸರಿಯಿದೆ, ದೋಷ ನನ್ನದು, ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಹಿ ಹಾಕಿ ತಲೆಯೆತ್ತಿದರೆ, ಅಕ್ಕ ಮತ್ತೆ ಬಟ್ಟೆ ಹಿಡಿದು ಕೊಳವೆ ಒರೆಸುತ್ತಿದ್ದಳು.

"ಸಾಕು ಬಿಡಕ್ಕ, ಅದು ಸರಿಯಾಗೇ ಇದೆ."

"ನೀನು ಹೇಳ್ತಿದೀಯ ಅಂತ ನಂಬ್ಲಾ?" ಎಂದು ಇನ್ನೊಮ್ಮೆ ಒರೆಸಿದಳು.