ಹಾಡಿನೊಳಗಿನ ಅಕ್ಕ

"ಯಾವ ಅಕ್ಕನ್ನ ಕರಿಯಾಕತ್ತಾನ ಇವ?"

ಮನೆಯ ಹತ್ತಿರ, ಕೆಲ್ಲಿವಿಲ್‌ನ ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. ಹಿಂದಿನ ಸೀಟಿನಿಂದ ಗಿರಿಜವ್ವನ ದನಿ ಕೇಳಿ ಮಹಾಶ್ವೇತಾ ಎಷ್ಟು ಬೆಚ್ಚಿದಳೆಂದರೆ ದೀಪ ಹಸಿರಾದದ್ದೇ ಗೊತ್ತಾಗಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. ದೊಡ್ಡವ್ವ ತಾನಾಗಿ ಬಾಯಿ ಬಿಟ್ಟು ಆರು ದಿನವಾಗಿತ್ತು.

ಕಾರಿನಲ್ಲಿ ಓಡುತ್ತಿದ್ದದ್ದು ಇಟಲಿಯ ಹಾಡು. ಹಾಡುಗಾರ ಡೊನಾಟೊ, ನೇಪಲ್ಸ್ ಹತ್ತಿರದ ಯಾವುದೋ ಹಳ್ಳಿಯವನು, ಈಗಿರುವುದು ಮೆಲ್ಬರ್ನ್. ತಾನೇ ಬರೆದು ತಾನೇ ಹಾಡಿದ ಹನ್ನೊಂದು ಹಾಡುಗಳ ಆಲ್ಬಂ. ಕೆಲವು ತನ್ನ ಹಳ್ಳಿಯ ಆಡುಮಾತಿನಲ್ಲಿ, ಕೆಲವು ಮಂತ್ರಿಗಳನ್ನು ಲೇವಡಿ ಮಾಡುವಂಥವು. ಮಹಾಶ್ವೇತಾಗೆ ಇದರ ಹುಚ್ಚು ಹಿಡಿದು ಮೂರು ವಾರ. ಒಂದಕ್ಷರ ಅರ್ಥವಾಗದೆಯೂ ಪೂರ್ತಿ ಬಾಯಿಪಾಠ. ಆದರೂ ಮೂರನೆಯ ಹಾಡಿನಲ್ಲಿ ಪ್ರತಿ ಸಾಲಿನ ಕೊನೆಗೆ ಅವನು "ಅಕ್ಕಾ" ಎನ್ನುವುದು ಅವಳಿಗೆ ಹೊಳೆದಿರಲಿಲ್ಲ. ಈಗ ಅದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಪಾಪ, ಆಕಿ ಓ ಅನ್ನವಲ್ಲಳು," ಎಂದಳು ಗಿರಿಜವ್ವ.

ಆರು ದಿನದ ಹಿಂದೆ ಪಕ್ಕದ ಬಡಾವಣೆ ದಿ ಪಾಂಡ್ಸ್‌ನಲ್ಲಿ ಕನ್ನಡದವರೆಲ್ಲ ಒಂದೊಂದು ಅಡುಗೆ ತಂದು ಸೇರುವ ದೀಪಾವಳಿಯ ಪಾಟ್‌ಲಕ್ ಇತ್ತು. ತನ್ನೂರು ರೋಣದಿಂದ ಹೊತ್ತು ತಂದ ತುಪ್ಪವನ್ನು ಏರ್‌ಪೋರ್ಟಿನವರು ಹೇಗೆ ಕಸಿದುಕೊಂಡರು ಎಂದು ಗಿರಿಜವ್ವ ಹೇಳತೊಡಗಿದ್ದಳು. ನಗುವ ಜಾಗ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲೇ ಎಲ್ಲರೂ ನಕ್ಕರು. ಒಬ್ಬ ಆಂಟಿ, ಥೇಟ್ ಸಿನಿಮಾ ಕಾಮಿಡಿ ಥರಾನೇ ಇದೆ, ಇನ್ನೊಂದ್ಸಲ ಹೇಳಿ ಎಂದು ಫೋನ್ ಹಿಡಿದರು. ಅದನ್ನೂ ಗಿರಿಜವ್ವ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮಹಾಶ್ವೇತಾಳ ಅಮ್ಮ, ಗಿರಿಜವ್ವನ ಒಡಹುಟ್ಟಿದ ತಂಗಿ ಸಂಧ್ಯಾರಾಣಿ, ಎಲ್ಲರ ಜೊತೆ ನಗುತ್ತಲೇ, "ಅಕ್ಕಾ, ಸ್ವಲ್ಪ ನೀಟಾಗಿ ಮಾತಾಡೇ," ಅಂದುಬಿಟ್ಟಳು. ಮದುವೆಯಾಗಿ ಬೆಂಗಳೂರಿಗೆ ಹೋಗುವವರೆಗೂ ಅದೇ ಮಾತು ಆಡುತ್ತಿದ್ದವಳು.

ಅಂದಿನಿಂದ ಗಿರಿಜವ್ವನದು "ಹೂಂ", "ಸಾಕು", "ಬ್ಯಾಡ". ತಂಗಿ ಕರೆದರೆ ಅದೂ ಇಲ್ಲ. ವಾಪಸ್ ಹೊರಡಲು ಹತ್ತು ದಿನ ಉಳಿದಿತ್ತು. ಮಹಾಶ್ವೇತಾ ಫೋನಿನಲ್ಲಿ 'ದೊಡ್ಡವ್ವ' ಎಂದು ಫೋಲ್ಡರ್ ಮಾಡಿಟ್ಟಿದ್ದಳು. ಮದುವೆಗಳಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯ ಬೀಗರನ್ನು ಮುಖದೆದುರೇ ಹೀಯಾಳಿಸುವ ಹಾಡುಗಳಿವೆಯಲ್ಲ, ಅದರಲ್ಲಿ ಗಿರಿಜವ್ವನದು ದೊಡ್ಡ ಹೆಸರು. ಅದಷ್ಟನ್ನೂ ರೆಕಾರ್ಡ್ ಮಾಡಬೇಕೆಂದಿದ್ದಳು. ಫೋಲ್ಡರ್ ಇನ್ನೂ ಖಾಲಿ.

ಹಾಗಾಗಿ ಈ 'ಅಕ್ಕ'ನನ್ನು ಅವಳು ಬಿಡುವ ಹಾಗೇ ಇರಲಿಲ್ಲ. ಭಾಷಾಂತರದ ಆ್ಯಪ್‌ಗೆ ಹಾಡು ಕೇಳಿಸಿದಳು. ಅದು ಕೋಳಿ, ಕುರ್ಚಿ ಎಂದೇನೋ ಬಡಬಡಿಸಿತು. ಮ್ಯಾಕ್ವೆರಿ ಪಾರ್ಕಿನ ಅವಳ ಆಫೀಸಿನಲ್ಲಿ ಮಿಲಾನ್ ಕಡೆಯ ಹುಡುಗಿಯೊಬ್ಬಳಿದ್ದಳು. ಅವಳು ಹೆಡ್‌ಫೋನ್ ಹಾಕಿಕೊಂಡು ಎರಡು ಸಾಲು ಕೇಳಿ ನಕ್ಕೇಬಿಟ್ಟಳು. ಇದು ಇಟಲಿಯ ದಕ್ಷಿಣದವರ ಮಾತು, ನನಗೂ ತಿಳಿಯಲ್ಲ, ನಮ್ಮ ಕಡೆ ಸಿನಿಮಾದಲ್ಲಿ ಕಾಮಿಡಿಗೆ ಹೀಗೆ ಮಾತಾಡಿಸ್ತಾರೆ ಎಂದಳು.

ಮಹಾಶ್ವೇತಾ ಇದನ್ನು ಮನೆಗೆ ಬಂದು ಇದ್ದದ್ದಿದ್ದ ಹಾಗೆ ಹೇಳಿದಳು. ಗಿರಿಜವ್ವ ಮಡಿಸುತ್ತಿದ್ದ ಟವೆಲ್ ಕೆಳಗಿಟ್ಟಳು.

"ಅವಂಗೂ ನಕ್ಕರೇನು?"

"ಹೂಂ ದೊಡ್ಡವ್ವ. ಶನಿವಾರ ಮೆಲ್ಬರ್ನ್‌ನಲ್ಲಿ ಅವನ ಶೋ ಇದೆ."

"ನಡಿ. ಆ ಅಕ್ಕಗ ಏನಾತು, ಕೇಳಿಕೊಂಡರ ಬರೂಣು."

ಶನಿವಾರ ಬೆಳಗಿನ ವಿಮಾನದಲ್ಲಿ ಇಬ್ಬರೂ ಹೊರಟರು. ಮೆಲ್ಬರ್ನ್‌ನ ಕೋಬರ್ಗ್‌ನಲ್ಲಿರುವ ಇಟಾಲಿಯನ್ ಕ್ಲಬ್ಬಿನ ಹಾಲ್‌ನಲ್ಲಿ ಮಡಚುವ ಕುರ್ಚಿಗಳು, ಕಾಫಿಯ ವಾಸನೆ. ತುಂಬ ಮುದುಕರು, ಮುದುಕಿಯರು. ಡೊನಾಟೊ ಆಲ್ಬಂನ ಕವರಿನಲ್ಲಿದ್ದುದಕ್ಕಿಂತ ಗಿಡ್ಡ, ಬೋಳುತಲೆ. ಮೂರನೆಯ ಹಾಡಿಗೆ ಅವನು ಗಿಟಾರ್ ಬದಿಗಿಟ್ಟು, ಜೇಬಿನಿಂದ ಒಂದು ಟೈ ತೆಗೆದು ಕೊರಳಿಗೆ ಕಟ್ಟಿಕೊಂಡ. ಹೊಟ್ಟೆ ಮುಂದೆ ಮಾಡಿದ. ಮುದುಕರು ಆಗಲೇ ನಗತೊಡಗಿದರು. ಅವನು ಅಂಗೈ ಕೆಳಮುಖ ಮಾಡಿ ಬೆರಳು ಮಡಚಿ ಮಡಚಿ ಮುಂದಿನ ಸಾಲಿನವರನ್ನು ಕರೆದ. ಅಕ್ಕಾ. ಪಕ್ಕದ ಸಾಲಿನವರನ್ನು ಕರೆದ. ಅಕ್ಕಾ. ಆಮೇಲೆ ಅವರ ಜೇಬಿನ ಕಡೆ ಕೈ ಚಾಚಿದ. ಅಕ್ಕಾ!

ಗಿರಿಜವ್ವ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ನಾಯಿಯನ್ನೋ ಮೊಮ್ಮಗನನ್ನೋ ಅವಳು ಕರೆಯುವುದೂ ಹಾಗೆಯೇ, ಅಂಗೈ ಕೆಳಗೆ ಮಾಡಿ.

"ಏ, ಆಕಿ ಅಕ್ಕ ಅಲ್ಲ," ಎಂದು ಪಿಸುಗುಟ್ಟಿದಳು. "ಇಲ್ಲೆ ಬಾ ಅನ್ನಾಕತ್ತಾನ. ಓಟು ಕೇಳಾಕ ಬಂದಾನ ಸೂಳೇಮಗ."

ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಂಗಿಯ ಮನೆಗೆ ಬಂದ ಒಂದು ತಿಂಗಳಲ್ಲಿ ಮೊದಲ ಸಲ ಸುತ್ತಲಿನವರ ನಗು ಮತ್ತು ಅವಳ ನಗು ಒಂದೇ ಹೊತ್ತಿಗೆ ಬಂದಿತ್ತು.

ಶೋ ಮುಗಿದ ಮೇಲೆ ಡೊನಾಟೊನನ್ನು ಹಿಡಿದು ಕೇಳಿದರು. ಹೌದು, ಅಕ್ಕಾ ಅಂದರೆ ಇಲ್ಲಿ. ಕನ್ನಡದಲ್ಲಿ ಅದಕ್ಕೇನು ಅರ್ಥ ಎಂದು ತಿಳಿದಾಗ ಅವನು ಗಿರಿಜವ್ವನಿಗೆ ಬಗ್ಗಿ ನಮಸ್ಕಾರ ಮಾಡಿದ. ಜನ ನಗುವ ಮಾತಿನಲ್ಲೇ ಯಾಕೆ ಹಾಡುತ್ತೀರಿ ಎಂದು ಗಿರಿಜವ್ವ ಮಹಾಶ್ವೇತಾಳಿಂದ ಕೇಳಿಸಿದಳು. ಅವನು ಟೈ ಬಿಚ್ಚುತ್ತ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಹಾಶ್ವೇತಾ ಕನ್ನಡಕ್ಕೆ ತಂದಳು: "ಸಿನಿಮಾದವರು ಇವರ ಮಾತನ್ನ ದಡ್ಡರ ಬಾಯಿಗೆ ಹಾಕಿದ್ರಂತೆ. ಇವರು ಅದನ್ನ ಮಂತ್ರಿ ಬಾಯಿಗೆ ಹಾಕಿದ್ರಂತೆ."

ವಾಪಸ್ ಬರುವಾಗ ಟ್ರಾಮಿನಲ್ಲಿ ಗಿರಿಜವ್ವ ತುಟಿ ಅಲ್ಲಾಡಿಸುತ್ತ, ಬೆರಳೆಣಿಸುತ್ತ ಕೂತಿದ್ದಳು. ಮೂರನೆಯ ಸ್ಟಾಪಿನಲ್ಲಿ, "ಫೋನ್ ತಗಿ," ಎಂದಳು.

ಮರುದಿನ ಭಾನುವಾರ ಕೆಲ್ಲಿವಿಲ್ ಮನೆಯಲ್ಲಿ ಗಿರಿಜವ್ವ ಸೋಫಾದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಸಂಧ್ಯಾರಾಣಿ ಅಡುಗೆಮನೆಯಲ್ಲಿ ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದಳು. ಮಹಾಶ್ವೇತಾ ಫೋನನ್ನು ಕಟ್ಟೆಯ ಮೇಲಿಟ್ಟು ಒತ್ತಿದಳು. ಟ್ರಾಮಿನ ಗಂಟೆ, ಆಮೇಲೆ ಗಿರಿಜವ್ವನ ದನಿ:

ತುಪ್ಪ ಕಸ್ಗೊಂಡರ ತಂಗಿ ವಿಮಾನದ ಕಟ್ಟಿಯಾಗ
ತಪ್ಪೇನ ಅಂತ ನಾ ಕೇಳಲಿಲ್ಲ
ಒಪ್ಪಾಗಿ ಆಡ್ತಿದ್ದ ನಿನ್ನ ನಾಲಿಗಿ ತಂಗಿ
ಗಪ್ಪನ ಕಸ್ಗೊಂಡವರ್ಯಾರ

ಚಾಕು ನಿಂತಿತು. ಸಂಧ್ಯಾರಾಣಿ ಮೊದಲು ನಕ್ಕಳು. ನಗು ಅರ್ಧಕ್ಕೇ ಎಲ್ಲೋ ಹೋಯಿತು. ಇನ್ನೊಂದು ಸಲ ಹಾಕು ಎಂದು ಸನ್ನೆ ಮಾಡಿದಳು. ಎರಡನೆಯ ಸಲ ಅವಳ ತುಟಿಗಳೂ ಸಾಲಿನ ಜೊತೆ ಅಲ್ಲಾಡಿದವು. ಆಮೇಲೆ ಕೈ ಒರೆಸಿಕೊಂಡು ಹಾಲ್‌ನ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ," ಎಂದಳು.

ಗಿರಿಜವ್ವ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಮಡಿಸಿದ ಬಟ್ಟೆಯ ರಾಶಿಯನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟಳು. ಸೋಫಾದ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು.