ಮೈಕಮ್ಮನ ಪ್ರಕಟಣೆ

ಬಸ್ ನಿಲ್ದಾಣದಲ್ಲಿ ಅವಳಿಗೆ ಮೈಕಮ್ಮ ಎಂದೇ ಹೆಸರು. ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಬಸ್ಸು ತಡ ಎಂದು ಅವಳು ಹೇಳಿದರೆ ಜನಕ್ಕೆ ಸಿಟ್ಟೇ ಬರುವುದಿಲ್ಲ ಎಂದು ಡ್ರೈವರುಗಳು ಹೊಗಳುತ್ತಿದ್ದರು. ಹೊಗಳದೆ ಇನ್ನೇನು, ತಡ ಮಾಡುವವರು ಅವರೇ ತಾನೆ.

ಅವಳ ದನಿಗೆ ಎಲ್ಲರಿಗಿಂತ ದೊಡ್ಡ ಅಭಿಮಾನಿ ಅವಳ ಅತ್ತೆ. ಮಧ್ಯಾಹ್ನ ಸೊಸೆಗೆ ಊಟದ ಡಬ್ಬಿ ತಂದವಳು ನೇರವಾಗಿ ಪ್ರಕಟಣೆಯ ಕೊಠಡಿಗೆ ಹೋಗುತ್ತಿರಲಿಲ್ಲ. ಗಡಿಯಾರದ ಕೆಳಗಿನ ಬೆಂಚಿನಲ್ಲಿ ಮೊದಲು ಒಂದಿಷ್ಟು ಹೊತ್ತು ಕೂರಬೇಕು. ಪಕ್ಕದವರು ಬಸ್ಸಿಗೆ ಕಾದರೆ ಈಕೆ ಸೊಸೆಯ ದನಿಗೆ ಕಾಯುವಳು. ದನಿ ಬಂತೋ, "ಕೇಳಿದ್ರಾ? ನಮ್ಮ ಸೊಸೆ. ಈಗ ಐದು ತಿಂಗಳು" ಎಂದು ಗುರುತು ಪರಿಚಯ ಇಲ್ಲದವರಿಗೂ ಹೇಳುವಳು.

ಇಂಥ ಅತ್ತೆಯಿಂದ ಸೊಸೆ ಒಂದು ಸಂಗತಿ ಮುಚ್ಚಿಟ್ಟಿದ್ದಳು. ಅವಳ ಹೃದಯ ಆಗಾಗ ತಾಳ ತಪ್ಪುತ್ತಿತ್ತು. ಸುಮ್ಮನೆ ಕೂತಿದ್ದಾಗಲೇ ಧಡಧಡನೆ ಓಡತೊಡಗಿ, ಕಣ್ಣಿಗೆ ಕತ್ತಲೆ ಕವಿಸಿ, ಆಮೇಲೆ ತನಗೇ ಬೇಕೆನಿಸಿದಾಗ ನಿಲ್ಲುತ್ತಿತ್ತು. ಮದುವೆಗೆ ಮುಂಚೆಯೇ ಗಂಡನಿಗೆ ಹೇಳಿದ್ದಳು. ಅತ್ತೆಗೂ ಹೇಳುವವಳಿದ್ದಳು. ಆದರೆ ಮನೆಗೆ ಬಂದ ಹೊಸತರಲ್ಲಿ, ಪಕ್ಕದ ಮನೆ ಸೊಸೆಗೆ ಮೂರ್ಛೆ ಬರುತ್ತದಂತೆ ಎಂಬ ಸುದ್ದಿಗೆ ಅತ್ತೆ ಬಟ್ಟೆ ಮಡಚುತ್ತಾ, "ಪಾಪ, ನೋಡ್ದೆ ಒಡಕು ಮಡಕೆ ತಂದ್ಕೊಂಡ್ರು" ಎಂದುಬಿಟ್ಟಿದ್ದಳು. ಆಡಿದವಳು ಆಗಲೇ ಮರೆತಳು. ಕೇಳಿದವಳು ಮಾತ್ರ ಅಂದಿನಿಂದ ತನ್ನ ಮಾತ್ರೆಗಳನ್ನು ಕಪಾಟಿನ ಬಟ್ಟೆಗಳ ಹಿಂದೆ ಇಟ್ಟು, ಕಳ್ಳಿಯ ಹಾಗೆ ನುಂಗತೊಡಗಿದಳು.

ಬಸುರಾದ ಮೇಲೆ ಓಟ ಹೆಚ್ಚಾಯಿತು. "ಬಸುರಲ್ಲಿ ಹೀಗೆ ಜಾಸ್ತಿ ಆಗೋದುಂಟು" ಎಂದರು ಹೃದಯದ ಡಾಕ್ಟರು. "ಮಗುಗೆ ಹೊಂದೋ ಮಾತ್ರೇನೇ ಕೊಟ್ಟಿದೀನಿ, ಹೆದರಿ ನಿಲ್ಲಿಸ್ಬೇಡಿ." ಆಮೇಲೆ ಸೂಜಿಯಿಲ್ಲದ ಒಂದು ಖಾಲಿ ಸಿರಿಂಜು ಕೊಟ್ಟರು. "ಶುರುವಾದ ತಕ್ಷಣ ಇದನ್ನ ಬಾಯಲ್ಲಿಟ್ಟು ದಂ ಕಟ್ಟಿ ಊದಿ. ಊದಿದ ಕೂಡ್ಲೇ ಸ್ವಲ್ಪ ಎಡಕ್ಕೆ ವಾಲಿ ಮಲಗ್ಬೇಕು, ಜೊತೇಲಿರೋರು ನಿಮ್ಮ ಕಾಲೆರಡನ್ನೂ ಮೇಲೆತ್ತಿ ಹಿಡೀಬೇಕು. ಆಗ್ಲೂ ನಿಲ್ಲದಿದ್ರೆ ನೇರ ಇಲ್ಲಿಗೆ ಬನ್ನಿ. ಮನೇಲಿ ಜೊತೆಗೆ ಯಾರಿರ್ತಾರೆ?"

"ಅತ್ತೆ."

"ಒಳ್ಳೇದಾಯ್ತು. ಅವರಿಗೆ ಕಲಿಸಿಕೊಡಿ."

ಕಲಿಸಿಕೊಡುವುದಂತೆ! ಅತ್ತೆಯ ಕೈಗೆ ತನ್ನ ಕಾಲು ಕೊಡುವುದನ್ನು ನೆನೆದರೇ ಅವಳಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತಿತ್ತು. "ಅಮ್ಮಂಗೆ ನಾನೇ ಹೇಳ್ತೀನಿ ಬಿಡು" ಎಂದ ಗಂಡ. "ಹೇಳಿದ್ರೆ ನನ್ನಾಣೆ" ಎಂದಳು. ಅವನು ಲಿಫ್ಟ್ ರಿಪೇರಿಯವನು. ನಡುವೆ ಸಿಕ್ಕಿಕೊಂಡ ಲಿಫ್ಟುಗಳನ್ನೆಲ್ಲ ಬಿಡಿಸುವವನು ಅಮ್ಮ ಮತ್ತು ಹೆಂಡತಿಯ ನಡುವೆ ತಾನೇ ಸಿಕ್ಕಿಕೊಂಡು ಸುಮ್ಮನಾದ.

ಪ್ರಕಟಣೆಯವರಲ್ಲಿ ಒಂದು ಕಳ್ಳ ಉಪಾಯವಿದೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೈಕು ಮಾತಾಡುತ್ತದೆ. ಬಸ್ಸುಗಳು ಸಾಲಾಗಿ ತಡವಾಗಿ, ಉದ್ದಕ್ಕೆ ಹೇಳುವುದಿದ್ದರೆ ಬೆರಳು ನೋಯುತ್ತದೆ. ಆಗ ಹಳೆಯ ಟಿಕೆಟ್ಟೊಂದನ್ನು ಮಡಚಿ ಬಟನ್ನಿನ ಸಂದಿಗೆ ತುರುಕಿದರೆ ಕೈ ಬಿಡುವು. ಮುಗಿದ ಮೇಲೆ ಕಿತ್ತುಬಿಡಬೇಕು, ಅಷ್ಟೆ. ಆ ದಿನ ಮೈಕಮ್ಮ ಟಿಕೆಟ್ಟು ತುರುಕಿದಳು, ತಡವಾದ ಬಸ್ಸುಗಳನ್ನೆಲ್ಲ ಹೇಳಿ ಮುಗಿಸಿದಳು, ಅದನ್ನು ಕೀಳುವ ಮೊದಲೇ ಎದೆ ಓಡತೊಡಗಿತು.

ಸಿರಿಂಜು ತೆಗೆದು ಊದಿದಳು. ನೆಲಕ್ಕೆ ಒರಗಿ, ತಾನೇ ಕಾಲುಗಳನ್ನು ಕುರ್ಚಿಯ ಮೇಲೆ ಹಾಕಲು ಹೋದಳು, ಹೊಟ್ಟೆ ಬಿಡಲಿಲ್ಲ. ಓಟ ನಿಲ್ಲಲಿಲ್ಲ. ಕೈ ಹೊಟ್ಟೆಯ ಮೇಲೆ ಹೋಯಿತು. ತನ್ನ ನಾಚಿಕೆಗೆ ಈ ಕೂಸು ಬೆಲೆ ತೆರಬೇಕಾಗುತ್ತದೋ ಏನೋ ಎಂದು ಮೊದಲ ಸಲ ನಿಜವಾಗಿ ಹೆದರಿದಳು. "ತಡ್ಕೋ ಕಂದಾ" ಎಂದಳು ಏದುಸಿರಿನಲ್ಲಿ. "ಅಮ್ಮನ ಎದೆಗೆ ಹುಚ್ಚು ಹಿಡಿದಿದೆ. ಅಜ್ಜೀನ ಕರಿಯೋ ಹಾಗಿಲ್ಲ ಕಣೋ. ಗೊತ್ತಾದ್ರೆ ನನ್ನನ್ನ ಒಡಕು ಮಡಕೆ ಅಂತಾರೆ. ನಿನ್ನಜ್ಜಿ ಅಂದ್ರೆ ನಂಗೆ ಭಯ."

ಕೊಠಡಿಯ ಗಾಜು ದಪ್ಪ. ತನ್ನ ಮಾತು ಹೊರಗಿನ ಸ್ಪೀಕರುಗಳಲ್ಲಿ ಮೊಳಗಿದ್ದು ಅವಳಿಗೆ ಕೇಳಿಸಲಿಲ್ಲ. ಬಾಗಿಲು ದಡಾರನೆ ತೆರೆಯಿತು. ಅತ್ತೆ.

"ಏನ್ ಮಾಡ್ಬೇಕು, ಹೇಳು."

"ಏನಿಲ್ಲ ಅತ್ತೆ..."

"ಏನಿಲ್ವಂತೆ! ಏನ್ ಮಾಡ್ಬೇಕು?"

"ಕಾಲು... ಎತ್ತಿ ಹಿಡೀಬೇಕು."

ಅವಳು ಮತ್ತೊಮ್ಮೆ ಊದಿ ಒರಗಿದಳು. ಅತ್ತೆ ಅವಳ ಚಪ್ಪಲಿ ಕಿತ್ತೆಸೆದು, ಬಿರುಕು ಬಿಟ್ಟ ಹಿಮ್ಮಡಿಗಳನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಹೆಗಲಿಗೆ ಆನಿಸಿಕೊಂಡಳು. ಸೊಸೆ ಕಣ್ಣು ಮುಚ್ಚಿಕೊಂಡಳು. ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಎದೆ ಒಮ್ಮೆ ತಡವರಿಸಿ, ಒಂದು ಬಡಿತ ನುಂಗಿ, ಮೆಲ್ಲಗೆ ದಾರಿಗೆ ಬಂತು. ಅಷ್ಟರಲ್ಲಿ ಒಳಬಂದ ಮೇಲ್ವಿಚಾರಕರು ಯಾರ ಮುಖವನ್ನೂ ನೋಡದೆ ಬಟನ್ನಿನ ಸಂದಿಯಿಂದ ಟಿಕೆಟ್ಟನ್ನು ಕಿತ್ತು ಮೇಜಿನ ಮೇಲಿಟ್ಟರು. ಆಗ ಅವಳಿಗೆ ಎಲ್ಲ ಅರ್ಥವಾಯಿತು.

ಆಸ್ಪತ್ರೆಗೆ ಹೊರಟಾಗ ಗಡಿಯಾರದ ಬೆಂಚಿನ ಮುಂದೆಯೇ ಹಾದುಹೋಗಬೇಕಿತ್ತು. ಅತ್ತೆ ಸೊಸೆಯನ್ನು ಹೊಗಳಿದ್ದನ್ನು ಕೇಳಿಸಿಕೊಂಡಿದ್ದ ಹೆಂಗಸೊಬ್ಬಳು ಆಕೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಬಸುರಿ ಹುಡುಗೀನ ಅಷ್ಟೊಂದು ಹೆದರಿಸಿ ಇಟ್ಟಿದೀರಲ್ಲಮ್ಮ" ಎಂದಳು. ಎದುರಾಡದೆ ಬಿಟ್ಟವಳಲ್ಲ ಅತ್ತೆ. ಅಂದು ತಲೆ ತಗ್ಗಿಸಿ ನಡೆದಳು. ತಾನು ಬಾಯಿಬಿಟ್ಟು ಒಂದು ಮಾತು ಹೇಳಬಹುದಿತ್ತು ಎಂದು ಸೊಸೆಗೆ ಹೊಳೆಯುವಷ್ಟರಲ್ಲಿ ಬೆಂಚು ಹಿಂದಾಗಿತ್ತು.

ಮಗು ಚೆನ್ನಾಗಿತ್ತು. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿ, ಕೆಲಸಕ್ಕೆ ಹೋಗಬಹುದು, ಆದರೆ ಹತ್ತಿರದಲ್ಲಿ ಯಾರಾದರೂ ಇರಲೇಬೇಕು ಎಂದರು. ಮನೆಯಲ್ಲಿ ಅತ್ತೆ ಒಂದೇ ಪ್ರಶ್ನೆ ಕೇಳಿದಳು.

"ಒಡಕು ಮಡಕೆ ಅಂತ ನಾನಂದಿದ್ನಾ?"

"ಪಕ್ಕದ ಮನೆಯವಳಿಗೆ."

"ಎಲುಬಿಲ್ಲದ ನಾಲಿಗೆ" ಎಂದು ಅತ್ತೆ ಒಳಗೆ ಹೋದಳು.

ಮರುವಾರ ಮೈಕಮ್ಮ ಕೆಲಸಕ್ಕೆ ಬಂದಳು. ಅತ್ತೆಯೂ ಬೆಳಿಗ್ಗೆಯಿಂದಲೇ ಬಂದಳು, ಆದರೆ ಬೆಂಚಿಗಲ್ಲ. ನಿಲ್ದಾಣದ ಹಿಂದುಗಡೆ, ನಲ್ಲಿಯ ಗೋಡೆಯ ಮರೆಯಲ್ಲಿ, ಮೇಲ್ವಿಚಾರಕರಿಗೆ ಮಾತ್ರ ತಿಳಿಸಿ, ಬೇರೆ ಯಾರ ಕಣ್ಣಿಗೂ ಬೀಳದಂತೆ ಡಬ್ಬಿ ಹಿಡಿದು ನಿಂತಳು. ಕೊಠಡಿಯ ಗಾಜಿನಿಂದ ಸೊಸೆಗೆ ಕಾಣುವುದು ಖಾಲಿ ಬೆಂಚು. ತನ್ನ ಮಾನ ಮುಚ್ಚಿಕೊಳ್ಳಲು ಹೋಗಿ ಆಕೆಯ ಮಾನವನ್ನು ಬೀದಿಗೆ ಹಾಕಿದೆನಲ್ಲ ಎಂದುಕೊಂಡು ಅವಳು ಡಬ್ಬಿಯ ಊಟವನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದಳು. ಮೈಕಿನಲ್ಲಿ ಹೋದದ್ದನ್ನು ಮನೆಯಲ್ಲಿ ಪಿಸುಗುಟ್ಟಿ ವಾಪಸು ತರಲಾಗುವುದೇ?

ಒಂದು ಮಧ್ಯಾಹ್ನ ಎದೆ ಮತ್ತೆ ಓಡತೊಡಗಿತು. ಬಾಗಿಲಲ್ಲೇ ಮೇಲ್ವಿಚಾರಕರಿದ್ದರು, ಕೈಸನ್ನೆ ಮಾಡಿದ್ದರೆ ಸದ್ದಿಲ್ಲದೆ ಹೋಗಿ ಅತ್ತೆಯನ್ನು ಕರೆತರುತ್ತಿದ್ದರು. ಅವಳು ಸಿರಿಂಜಿಗಿಂತ ಮೊದಲು ಬಟನ್ ಒತ್ತಿದಳು. ಮುಖ ಕಿವಿಯವರೆಗೂ ಕೆಂಪಾಗಿತ್ತು, ಉಸಿರು ಸಾಲುತ್ತಿರಲಿಲ್ಲ.

"ಪ್ರಯಾಣಿಕರ ಗಮನಕ್ಕೆ. ಪ್ರಕಟಣೆ ಮಾಡುವವಳ ಅತ್ತೆಯವರು ಎಲ್ಲಿದ್ದರೂ ಕೂಡಲೇ ಕೊಠಡಿಗೆ ಬರಬೇಕು. ಸೊಸೆಯ ಎದೆ ಓಡುತ್ತಿದೆ. ಅವಳಿಗೆ ಅವರೇ ಬೇಕು."

ನಲ್ಲಿಯ ಮರೆಯಿಂದ ಅತ್ತೆ ಓಡಿಬಂದಳು. ಗಡಿಯಾರದ ಕೆಳಗೆ ಜನ ಗುಂಪುಗಟ್ಟಿತ್ತು. ಆಕೆಯ ಬಾಯಿ ಅಲ್ಲಾಡುವುದು ಗಾಜಿನಾಚೆ ಕಂಡಿತು, ಮಾತು ಒಳಗೆ ಬರಲಿಲ್ಲ. ಬೆಂಚಿನವರಿಗೆಲ್ಲ ಕೇಳಿಸಿತು.

"ದಾರಿ ಬಿಡ್ರೋ, ಕೇಳಿಸ್ಲಿಲ್ವಾ? ನಮ್ಮ ಸೊಸೆ ಅದು!"